ಅಮ್ಮನ ಕೈಗುಣ

ಮೈಸೂರನ್ನು ಬಿಟ್ಟು ಮಡಿಕೇರಿಯ ನಮ್ಮ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ ಅಮ್ಮ ಕಲಸಿಟ್ಟ ಇಡ್ಲಿಹಿಟ್ಟು ಉಬ್ಬಲೇ ಇಲ್ಲ. "ನನ್ನ ಕೈಗುಣವೇ ಹೋಯಿತು ಕಣೋ" ಎಂದು ಕಣ್ಣೊರಸಿಕೊಂಡಳು.

ತಪ್ಪು ಚಳಿಯದು, ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಗಳಿಗೆ 30 ಡಿಗ್ರಿಯ ಆಸುಪಾಸಿನ ಬಿಸುಪು ಬೇಕು. ಇದನ್ನು ತೋರಿಸಲು ಕನ್ನಡದ ಅಧ್ಯಾಪಕನಾದ ನಾನು ವಿಜ್ಞಾನಿಯ ವೇಷ ತೊಟ್ಟೆ. ಮರದ ಪೆಟ್ಟಿಗೆಯಲ್ಲಿ 40 ವ್ಯಾಟಿನ ಬಲ್ಬು. ಅದರ ಕಾವಲಿಗೊಂದು ಥರ್ಮೋಸ್ಟಾಟು. 29ಕ್ಕಿಳಿದರೆ ದೀಪ ಹೊತ್ತುವುದು, 31 ಮುಟ್ಟಿದರೆ ಆರುವುದು.

ಬೆಳಗ್ಗೆ ಹಿಟ್ಟು ಪಾತ್ರೆಯ ಕಂಠದವರೆಗೆ ಬಂದಿತ್ತು. "ನಿನ್ನ ಪೆಟ್ಟಿಗೆಯ ಕೈಗುಣ ಒಳ್ಳೆಯದಪ್ಪ" ಎಂದು ಅಮ್ಮ ಸಪ್ಪಗೆ ನುಡಿದಳು. ನಾನು ಗೆದ್ದು ಸೋತಿದ್ದೆ.

ಮುಂದಿನ ವಾರ ಒಂದು ನಡುರಾತ್ರಿ ವಿದ್ಯುತ್ತು ಹೋಯಿತು. ಬೆಳಗ್ಗೆ ನೋಡಿದರೆ, ಪೆಟ್ಟಿಗೆ ಅಮ್ಮನ ಕಂಬಳಿಯನ್ನು ಹೊದ್ದು ಕುಳಿತಿತ್ತು. ಒಳಗೆ ಹಿಟ್ಟು ಉಬ್ಬಿತ್ತು. ಅಮ್ಮ ಚಳಿಗೆ ನಡುಗುತ್ತಲೇ ನಗುತ್ತಿದ್ದಳು. ಅಂದು ನಾನು ಎರಡು ಇಡ್ಲಿ ಹೆಚ್ಚಾಗಿಯೇ ತಿಂದೆ, ಡಿಗ್ರಿಯ ಮಾತೆತ್ತಲಿಲ್ಲ.