ಒಳಗುಳಿಯುವ ಔಷಧ

ಬರುವ ಸರಕು ಅಷ್ಟೇ ಇದ್ದು ಹೊರಹೋಗುವುದು ಕುಂದಿದರೆ ಉಗ್ರಾಣ ತುಂಬುತ್ತದೆಂದು ವರ್ತಕನಿಗೆ ಹೇಳಬೇಕಿಲ್ಲ. ಮೂತ್ರಪಿಂಡಗಳು ಸೋತ ದೇಹದಲ್ಲಿ ಅನೇಕ ಔಷಧಗಳ ಗತಿಯೂ ಇದೇ. ನರನೋವಿಗೆ ಕೊಡುವ ಗ್ಯಾಬಪೆಂಟಿನ್ ಮೂತ್ರದ ಮೂಲಕವೇ ಹೊರಹೋಗತಕ್ಕದ್ದು. ಪ್ರಮಾಣ ತಗ್ಗಿಸದಿದ್ದರೆ ಮಂಪರು, ಚಿತ್ತಭ್ರಮೆ, ಕೈಕಾಲುಗಳ ಅದುರುವಿಕೆ ತಲೆದೋರಬಹುದು. ಮನೆಯವರು ಅದನ್ನು ಮುಪ್ಪಿನ ಮರೆವೆಂದು ಬಗೆದು ಸುಮ್ಮನಾಗುತ್ತಾರೆ. ಕೇಡಿನ ಉದ್ದೇಶ ಯಾರಿಗೂ ಇಲ್ಲ, ಪ್ರಮಾದವೊಂದೇ ಸಾಕು.

ರಕ್ತದ ಕ್ರಿಯಾಟಿನಿನ್ ಪರೀಕ್ಷಿಸಿ ಪ್ರಮಾಣ ನಿರ್ಧರಿಸುವುದು ಆಸ್ಪತ್ರೆಯ ಹೊಣೆ. ಅಂಗಡಿಯಿಂದ ತಂದು ನುಂಗಿದ ನೋವಿನ ಮಾತ್ರೆಯ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕಾದವರು ಬಂಧುಗಳು. (ಸಂಕೋಚದಿಂದ ಮುಚ್ಚಿಡುವವರೂ ಉಂಟು!) 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೆ ಇಂಥ ದುಷ್ಪರಿಣಾಮವನ್ನು ರೋಗಿಯ ಮನೆಯವರೂ ವರದಿ ಮಾಡಬಹುದು. ಔಷಧದ ಹೆಸರು, ಪ್ರಾರಂಭಿಸಿದ ದಿನ, ಲಕ್ಷಣ ಕಂಡ ದಿನ ಬರೆದಿಟ್ಟಿರಬೇಕು.