ಓಡಿದ ಗಾಡಿ

ಸಾಗರದ ಹತ್ತಿರದ ಒಂದು ಹಳ್ಳಿ. ಅಡಿಕೆ ಒಣಹಾಕುವ ಅಂಗಳದ ಮೂಲೆಯಲ್ಲಿ ತಗಡಿನ ಶೆಡ್ಡು, ಅದರೊಳಗೆ ಹಳದಿ ಬೋರ್ಡಿನ ಇನ್ನೋವಾ. ಕೀಲಿ ತಿರುಗಿಸಿದಾಗ ಮೀಟರಿನಲ್ಲಿ ಮೂಡಿದ ಅಂಕಿ 3,86,214. ಜೊತೆಗೆ ಬಂದಿದ್ದ ಭಾವ ಮೆಲ್ಲಗೆ ತೋಳು ಹಿಡಿದು ನನ್ನನ್ನು ಪಕ್ಕಕ್ಕೆ ಕರೆದ. "ಚಂದ್ರಲೋಕಕ್ಕೆ ಹೋದಷ್ಟು ಓಡಿದೆ ಮಾರಾಯ. ಬೇಡ, ನಡಿ" ಅಂದ. ಅವನ ಲೆಕ್ಕ ತಪ್ಪಲ್ಲ. ಭೂಮಿಯಿಂದ ಚಂದ್ರನಿಗೆ ಸರಾಸರಿ ದೂರ 3,84,400 ಕಿಲೋಮೀಟರ್. ಆ ಗಾಡಿ ಘಟ್ಟ ಹತ್ತಿ ಇಳಿದೇ ಅಷ್ಟು ದಾರಿ ಸವೆಸಿತ್ತು.

ನಾನು ನಡೆಯಲಿಲ್ಲ. ಅದಕ್ಕೆ ಕಾರಣ ಅದಕ್ಕೂ ನಾಲ್ಕು ವರ್ಷ ಹಿಂದೆ ಕೊಂಡ ಇನ್ನೊಂದು ಕಾರು.

ಆ ಕಾರಿನ ಮೀಟರಿನಲ್ಲಿ ಇದ್ದದ್ದು 42,000. ಊರಿನಲ್ಲಿ ಹೆಸರಿದ್ದ ಮಾರಾಟಗಾರನೊಬ್ಬ "ಡಾಕ್ಟರ್ ಗಾಡಿ ಸಾರ್, ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ" ಎಂದು ಕೊಟ್ಟಿದ್ದ. ಹಳೇ ಗಾಡಿ ವ್ಯಾಪಾರದಲ್ಲಿ ಡಾಕ್ಟರು, ಬ್ಯಾಂಕ್ ಮ್ಯಾನೇಜರು, ನಿವೃತ್ತ ಮೇಷ್ಟ್ರು ಓಡಿಸಿದ ಗಾಡಿಗಳಿಗೆ ಬರವಿಲ್ಲ. ಕ್ಲಚ್ ಪೆಡಲಿನ ರಬ್ಬರ್ ಅಂಚು ಸವೆದು ಒಳಗಿನ ಕಬ್ಬಿಣ ಇಣುಕುತ್ತಿತ್ತು. ಸ್ಟೀರಿಂಗಿನ ಮೇಲ್ಭಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ನೋಡಿದ್ದೆ, ಆದರೆ ಓದಲು ಬಂದಿರಲಿಲ್ಲ. ಮೂರು ತಿಂಗಳ ಮೇಲೆ ಬಾನೆಟ್ಟಿನ ಒಳಬದಿ ಒರೆಸುವಾಗ ಎಣ್ಣೆ ಧೂಳಿನ ಅಡಿಯಿಂದ ಒಂದು ಚೀಟಿ ಎದ್ದು ಬಂತು. ಹಿಂದಿನ ಗ್ಯಾರೇಜಿನವರು ಅಂಟಿಸಿದ್ದು: ಮುಂದಿನ ಆಯಿಲ್ 1,08,000ಕ್ಕೆ. ಆ ಚೀಟಿಯನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ದುಡ್ಡು ಹೋಯಿತೆಂಬ ಸಂಕಟ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು, ಯಾರೋ ಒಬ್ಬರು ಆ ಗಾಡಿಯ ಬದುಕಿನಿಂದ ಅರವತ್ತು ಎಪ್ಪತ್ತು ಸಾವಿರ ಕಿಲೋಮೀಟರನ್ನು ಕಿತ್ತು ಬಿಸಾಡಿದ್ದರು ಎಂಬುದು. ಟೈಮಿಂಗ್ ಬೆಲ್ಟು ಯಾವಾಗ ಬದಲಿಸಬೇಕು, ಕೂಲೆಂಟು ಯಾವಾಗ ಎಂಬ ಲೆಕ್ಕವೆಲ್ಲ ಆ ಅಂಕಿಯ ಮೇಲೆಯೇ ನಿಂತಿರುತ್ತದೆ. ಮೀಟರ್ ತಿರುಗಿಸುವವನು ಬೆಲೆಯಲ್ಲಿ ಮಾತ್ರ ಮೋಸ ಮಾಡುವುದಿಲ್ಲ, ಮುಂದೆ ಅದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರ ಜೀವದ ಜೊತೆ ಆಡುತ್ತಾನೆ. ಹಿಂದೆ ಕೇಬಲ್ಲು ಬಿಚ್ಚಿ ಹಲ್ಲಿನ ಚಕ್ರ ಹಿಂದಕ್ಕೆ ತಿರುಗಿಸಬೇಕಿತ್ತು. ಈಗ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಚಹಾ ಆರುವುದರೊಳಗೆ ಕೆಲಸ ಮುಗಿದಿರುತ್ತದೆ.

ಆಮೇಲೆ ಸಣ್ಣ ಅಂಕಿಯ ಮೇಲಿನ ಮೋಹ ಹೋಯಿತು. ದೊಡ್ಡ ಅಂಕಿಯನ್ನು ಯಾರೂ ಸುಳ್ಳಿಗೆ ಬರೆಯುವುದಿಲ್ಲ. ನಾಲ್ಕು ಲಕ್ಷದ ಹತ್ತಿರ ಓಡಿದ ಗಾಡಿಯನ್ನು ಅಷ್ಟೇ ಓಡಿದೆ ಎಂದು ಹೇಳಿ ಮಾರಲು ನಿಂತವನ ಮಾತಿಗೆ ಮೊದಲೇ ಒಂದು ತೂಕವಿರುತ್ತದೆ.

ನಮ್ಮ ಮೈಸೂರಿನ ಮನೆ ಹತ್ತಿರದ ಮೆಕ್ಯಾನಿಕ್ಕು, ಮೂವತ್ತು ವರ್ಷ ಡೀಸೆಲ್ ಎಂಜಿನ್ನಿನೊಳಗೆ ಕೈಯಿಟ್ಟವರು, ಒಮ್ಮೆ ಕೇಳಿದರು: "ಟ್ರ್ಯಾಕ್ಟರ್ ತೊಗೊಳ್ಳುವಾಗ ಎಷ್ಟು ಕಿಲೋಮೀಟರ್ ಅಂತ ಕೇಳ್ತೀರಾ?" ಹೌದಲ್ಲ, ಟ್ರ್ಯಾಕ್ಟರಿಗೆ, ಜೇಸಿಬಿಗೆ ಗಂಟೆಯ ಮೀಟರು. ಎಂಜಿನ್ನಿಗೆ ದಾರಿ ಗೊತ್ತಿಲ್ಲ, ತಿರುಗಿದ ಹೊತ್ತು ಮಾತ್ರ ಗೊತ್ತು. ಕಾರಿಗೂ ಅದೇ ಲೆಕ್ಕ ಹಿಡಿದು ನೋಡಿದೆ. ಬೆಂಗಳೂರಿನ ಸಿಗ್ನಲ್ಲುಗಳ ನಡುವೆ ಗಂಟೆಗೆ ಸರಾಸರಿ ಇಪ್ಪತ್ತು ಕಿ.ಮೀ. ತೆವಳಿ 60,000 ಓಡಿದ ಗಾಡಿಯ ಎಂಜಿನ್ನು 3,000 ಗಂಟೆ ತಿರುಗಿದೆ. ಹೆದ್ದಾರಿಯಲ್ಲಿ ಅರವತ್ತರ ಸರಾಸರಿಯಲ್ಲಿ ಓಡಿದ್ದಕ್ಕೆ ಅದೇ 3,000 ಗಂಟೆಯಲ್ಲಿ 1,80,000 ಆಗಿರುತ್ತದೆ. ಪೇಟೆಯ ಗಾಡಿ ಅಷ್ಟರಲ್ಲಿ ಎಷ್ಟು ಲಕ್ಷ ಸಲ ಕ್ಲಚ್ಚು ತುಳಿಸಿಕೊಂಡಿದೆಯೋ. ತಣ್ಣಗಿರುವ ಎಂಜಿನ್ನು ಚಾಲೂ ಆದ ಮೊದಲ ಕ್ಷಣಗಳಲ್ಲೇ, ಆಯಿಲು ಮೇಲೇರಿ ಎಲ್ಲ ಕಡೆ ಹರಡುವ ಮುಂಚೆ, ಹೆಚ್ಚು ಸವೆಯುತ್ತದೆ. ತರಕಾರಿಗೆ, ಸ್ಕೂಲಿಗೆ ಎಂದು ದಿನಕ್ಕೆ ಆರು ಸಲ ಚಾಲೂ ಆಗಿ ಎರಡೆರಡು ಕಿಲೋಮೀಟರಿಗೆ ನಿಲ್ಲುವ ಕಾರು ಸರಿಯಾಗಿ ಬಿಸಿಯೇ ಆಗುವುದಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಂತೂ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಅದು ತನ್ನನ್ನು ತಾನೇ ಸುಟ್ಟು ಶುದ್ಧ ಮಾಡಿಕೊಳ್ಳಲು ಆಗಾಗ ಉದ್ದನೆಯ ಓಟ ಬೇಕು. ಓಡದೆ ನಿಂತದ್ದರ ಪಾಡು ಇನ್ನೂ ಕಷ್ಟ. ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ, ಬ್ಯಾಟರಿ ಸಾಯುತ್ತದೆ, ಇಲಿ ವೈರು ಕಡಿಯುತ್ತದೆ.

ಗ್ರೀಸಿನ ಟ್ಯಾಕ್ಸಿ ಡ್ರೈವರ್ ಗ್ರೆಗೋರಿಯೋಸ್ ಸಾಕಿನಿಡಿಸ್ 1981ರಲ್ಲಿ ಕೊಂಡ 1976ರ ಮರ್ಸಿಡಿಸ್ 240ಡಿ ಆಗಲೇ 2,20,000 ಕಿ.ಮೀ. ಓಡಿತ್ತು. ನಮ್ಮ ಭಾವನಂಥವರು ಅವನಿಗೂ ಬೇಡವೆಂದು ಹೇಳಿರಬೇಕು. 2004ರಲ್ಲಿ ಅವನು ಅದನ್ನು ಕಂಪನಿಯ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸುವ ಹೊತ್ತಿಗೆ ಮೀಟರು 46 ಲಕ್ಷ ಮುಟ್ಟಿತ್ತು. ಎಂಜಿನ್ನು ಹಲವು ಸಲ ಬದಲಾಗಿತ್ತು, ನಿಜ. ಅಮೆರಿಕದಲ್ಲಿ ಇರ್ವ್ ಗೋರ್ಡನ್ ಎಂಬ ವಿಜ್ಞಾನದ ಮೇಷ್ಟ್ರು 1966ರಲ್ಲಿ ಕೊಂಡ ವೋಲ್ವೋದಲ್ಲಿ 2013ಕ್ಕೆ ಮೂವತ್ತು ಲಕ್ಷ ಮೈಲಿ, ಅಂದರೆ 48 ಲಕ್ಷ ಕಿಲೋಮೀಟರ್, ದಾಟಿದರು. ಇಬ್ಬರ ಕಥೆಯಲ್ಲೂ ನನ್ನ ಕಣ್ಣಿಗೆ ಬೀಳುವುದು ಒಬ್ಬನೇ ಮನುಷ್ಯ, ಒಂದೇ ಗಾಡಿ, ಹೊತ್ತಿಗೆ ಸರಿಯಾಗಿ ಆಯಿಲು.

ನಾನು ಗಾಡಿ ಹುಡುಕಲು ಹೊರಟದ್ದು 2022ರ ಕೊನೆಯಲ್ಲಿ. ಅಮ್ಮನಿಗೆ ಸೊಂಟದ ಆಪರೇಷನ್ ಆಗಿತ್ತು. ತಗ್ಗಿನ ಕಾರಿನಲ್ಲಿ ಕೂತು ಏಳುವುದು ಅವಳಿಗೆ ಆಗುತ್ತಿರಲಿಲ್ಲ. ತೀರ್ಥಹಳ್ಳಿ ಕಡೆಯ ತವರಿಗೆ ವರ್ಷಕ್ಕೆ ನಾಲ್ಕಾರು ಸಲ ಹೋಗದಿದ್ದರೆ ಅವಳಿಗೆ ನಿದ್ದೆ ಬಾರದು. ಬಿಡದಿಯಲ್ಲಿ ತಯಾರಾಗುವ ಈ ಇನ್ನೋವಾ 2005ರಲ್ಲಿ ಕ್ವಾಲಿಸ್ಸಿನ ಜಾಗಕ್ಕೆ ಬಂದದ್ದು. ಅದರ ಸೀಟಿನ ಎತ್ತರ ಅಮ್ಮನ ಸೊಂಟಕ್ಕೆ ಅಳೆದು ಇಟ್ಟಂತೆ. ಹೊಸದು ಕೊಳ್ಳುವ ಶಕ್ತಿ ನನಗಿರಲಿಲ್ಲ. ಆ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರಿನ ಕಡೆ ನೆರೆ ನುಗ್ಗಿ ಕಾರುಗಳು ಮುಳುಗಿದ್ದವು. ಹಾಗಾಗಿ ಕಡಿಮೆ ಓಡಿದ, ಹೊಳಪಿನ ಗಾಡಿ ಕಂಡರೆ ಮೊದಲು ಕಾರ್ಪೆಟ್ ಎತ್ತಿ ಮೂಸುತ್ತಿದ್ದೆ, ಸ್ಟೆಪ್ನಿಯ ಗುಳಿಯಲ್ಲಿ ಕೆಸರು ಹುಡುಕುತ್ತಿದ್ದೆ. ದೆಹಲಿಯಿಂದ ಇಳಿದು ಬಂದ ಡೀಸೆಲ್ ಗಾಡಿಗಳೂ ಇದ್ದವು. ಹತ್ತು ವರ್ಷ ದಾಟಿದ ಡೀಸೆಲ್ಲಿಗೆ ಅಲ್ಲಿ 2015ರಲ್ಲಿ ಹಸಿರು ನ್ಯಾಯಮಂಡಳಿ ತಡೆ ಹಾಕಿ, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದ ಮೇಲೆ ಅವು ಬೇರೆ ರಾಜ್ಯಗಳ ಹಾದಿ ಹಿಡಿದಿದ್ದವು. ಬೆಲೆ ಅಗ್ಗ. ಆದರೆ ಓಡಿಸಿದವನ ಮುಖ ನೋಡಲು ಸಿಗುತ್ತಿರಲಿಲ್ಲ.

ಸಾಗರದವನ ಮುಖ ಸಿಕ್ಕಿತು. ಐವತ್ತರ ಆಸುಪಾಸಿನ ಮನುಷ್ಯ. 2012ರಲ್ಲಿ ಸಾಲ ಮಾಡಿ ಹೊಸದಾಗಿ ತಂದು, ಹತ್ತು ವರ್ಷ ತಾನೊಬ್ಬನೇ ಓಡಿಸಿದ್ದ. ಜೋಗ, ಕೊಲ್ಲೂರು, ಶೃಂಗೇರಿ, ಧರ್ಮಸ್ಥಳ, ಬಜಪೆಯ ವಿಮಾನ ನಿಲ್ದಾಣ, ತಿಂಗಳಿಗೆರಡು ಸಲ ಬೆಂಗಳೂರು. ಈಗ ಕಣ್ಣಿನ ತೊಂದರೆ. ರಾತ್ರಿ ಎದುರಿನ ಲೈಟು ಒಡೆದು ಹರಡಿದಂತೆ ಕಾಣುತ್ತದಂತೆ, ಅದಕ್ಕೇ ಮಾರುವುದು. ನಮ್ಮ ಮೆಕ್ಯಾನಿಕ್ಕು ಹೇಳಿಕೊಟ್ಟಂತೆ ಬೆಳಿಗ್ಗೆ ಏಳಕ್ಕೇ, ಮೊದಲೇ ತಿಳಿಸದೆ ಹೋಗಿದ್ದೆವು. ಬಾನೆಟ್ಟಿನ ಮೇಲೆ ಕೈಯಿಟ್ಟೆ. ಇಬ್ಬನಿಯಿಂದ ತಣ್ಣಗಿತ್ತು. ನಮಗಾಗಿ ಮೊದಲೇ ಬಿಸಿ ಮಾಡಿಟ್ಟಿರಲಿಲ್ಲ. ಅರ್ಧ ಸುತ್ತಿಗೇ ಎಂಜಿನ್ನು ಹಿಡಿಯಿತು. ಹಿಂದೆ ನೀಲಿ ಹೊಗೆ ಇಲ್ಲ, ಆಯಿಲು ಉರಿಯುತ್ತಿಲ್ಲ. ಚಾಲೂ ಇರುವಾಗಲೇ ಆಯಿಲಿನ ಮುಚ್ಚಳ ತಿರುಗಿಸಿ ಬಾಯಿಯ ಮೇಲೆ ತಲೆಕೆಳಗಾಗಿ ಇಟ್ಟೆ. ಬ್ಯಾಕ್ ಕಂಪ್ರೆಷನ್ ಇದ್ದರೆ ಮುಚ್ಚಳ ಕುಣಿದು ಬೀಳುತ್ತದೆ, ಬಾಯಿಂದ ಹೊಗೆ ಉಗುಳುತ್ತದೆ. ಮುಚ್ಚಳ ಸಣ್ಣಗೆ ನಡುಗುತ್ತ ಅಲ್ಲೇ ಕೂತಿತು.

ಕಾರಿನ ಒಳಗಿನ ಸವೆತವೂ ಅಂಕಿಗೆ ಹೊಂದುತ್ತಿತ್ತು. ಸ್ಟೀರಿಂಗಿನ ಎಡಬಲಗಳಲ್ಲಿ ಹೆಬ್ಬೆರಳು ಕೂರುವ ಎರಡು ಜಾಗ ಮಾತ್ರ ನುಣುಪಾಗಿ ಬೆಳ್ಳಗಾಗಿದ್ದವು. ಅವನು ಎರಡೂ ಕೈಯಲ್ಲಿ ಹಿಡಿದು ಓಡಿಸುವವನು. ಗೇರಿನ ಗುಂಡಿಯ ಮೇಲಿನ ಅಂಕೆಗಳು ಅಳಿಸಿದ್ದವು. ಬ್ರೇಕಿನ ಪೆಡಲಿಗಿಂತ ಆಕ್ಸಿಲರೇಟರಿನದ್ದು ಹೆಚ್ಚು ಸವೆದಿತ್ತು. ಕೇಳಿದಾಗ, "ಹುಲಿಕಲ್ ಘಾಟಿ ಇಳೀಬೇಕಾದ್ರೆ ಬ್ರೇಕ್ ಯಾಕೆ ಬೇಕು ಸಾರ್, ಎರಡನೇ ಗೇರಲ್ಲಿ ಬಿಟ್ರೆ ಅದೇ ಹಿಡ್ಕೊಳತ್ತೆ" ಅಂದ. ಟೈರಿನ ಪಕ್ಕದಲ್ಲಿ ತಯಾರಾದ ವಾರ ಮತ್ತು ವರ್ಷದ ನಾಲ್ಕು ಅಂಕಿ ಇರುತ್ತವೆ. ನಾಲ್ಕೂ ಟೈರಿನಲ್ಲಿ 0822, ಆ ವರ್ಷದ ಎಂಟನೇ ವಾರದವು. ಗಾಡಿ ಮಾರುವ ಯೋಚನೆ ಇದ್ದವನು ಹೊಸ ಟೈರು ಹಾಕಿಸುವುದಿಲ್ಲ. ಕಣ್ಣಿನ ಮಾತು ನಿಜವೇ ಎಂದು ನನಗೆ ಮನದಟ್ಟಾದದ್ದು ಅಲ್ಲಿ.

ಆಮೇಲೆ ಅವನು ಒಳಗೆ ಹೋಗಿ ಒಂದು ನೋಟ್‌ಬುಕ್ ತಂದ. ನೂರು ಪುಟದ್ದು, ಶಾಲೆಮಕ್ಕಳದು. ಮೇಲೆ ಅರಿಶಿನ ಕುಂಕುಮದ ಗುರುತು. ಒಳಗೆ ಸ್ಕೇಲಿಟ್ಟು ಗೆರೆ ಹಾಕಿ ನಾಲ್ಕು ಕಾಲಂ: ತಾರೀಕು, ಕಿ.ಮೀ., ಏನು, ಎಷ್ಟು. ಕಂಪನಿಯವರು ಹತ್ತು ಸಾವಿರಕ್ಕೆ ಎಂದರೆ ಇವನು ಎಂಟಕ್ಕೇ ಆಯಿಲು ಬದಲಿಸಿದ್ದ. ಟೈಮಿಂಗ್ ಬೆಲ್ಟು ಮೂರು ಸಲ. ಒಮ್ಮೆ ಕ್ಲಚ್ಚು, ಒಮ್ಮೆ ಟರ್ಬೋ ಪೈಪು, ಲೋಯರ್ ಆರ್ಮಿನ ಬುಷ್ಷುಗಳು ಮತ್ತೆ ಮತ್ತೆ. ನಮ್ಮ ರಸ್ತೆಗಳಲ್ಲಿ ಅವು ಉಳಿಯುವುದಿಲ್ಲ. 2020ರ ಏಪ್ರಿಲ್, ಮೇ ತಿಂಗಳ ಪುಟದಲ್ಲಿ ನನ್ನ ಕಣ್ಣು ನಿಂತಿತು. ಲಾಕ್‌ಡೌನಿನ ದಿನಗಳು. ಕಿ.ಮೀ. ಕಾಲಮ್ಮಿನಲ್ಲಿ ಒಂದೇ ಅಂಕಿ ಕೆಳಗೆ ಕೆಳಗೆ ಬಂದಿದೆ, ಪಕ್ಕದಲ್ಲಿ ಮೂರು ದಿನಕ್ಕೊಮ್ಮೆ ಅದೇ ಎರಡು ಪದ: 'ಸ್ಟಾರ್ಟ್ ಮಾತ್ರ.' ಬಾಡಿಗೆ ಇಲ್ಲ, ಸಾಲದ ಕಂತು ಇನ್ನೂ ತೀರಿಲ್ಲ, ಮನೆ ಹೇಗೆ ನಡೆಯಿತೋ ಗೊತ್ತಿಲ್ಲ. ಆದರೂ ಮೂರು ದಿನಕ್ಕೊಮ್ಮೆ ಶೆಡ್ಡಿಗೆ ಹೋಗಿ ಎಂಜಿನ್ನನ್ನು ಉಸಿರಾಡಿಸಿ ಬಂದಿದ್ದಾನೆ. ಭಾವ ನನ್ನ ಭುಜದ ಮೇಲಿಂದ ಬಗ್ಗಿ ಆ ಪುಟ ಓದಿದ. ಮತ್ತೆ ಬೇಡ ಅನ್ನಲಿಲ್ಲ.

5,40,000ಕ್ಕೆ ಮಾತಾಯಿತು. ಬ್ಯಾಂಕಿನಿಂದ ಸಾಲ ತೀರಿದ ಪತ್ರ ಮತ್ತು ಫಾರ್ಮ್ 35, ವರ್ಗಾವಣೆಗೆ 29, 30, ಪರ್ಮಿಟ್ ಒಪ್ಪಿಸುವುದು, ಹಳದಿ ಬೋರ್ಡಿನಿಂದ ಬಿಳಿಗೆ ಬರಲು ತೆರಿಗೆ ಕಟ್ಟುವುದು. ಓಡಾಟ ಸಾಕಷ್ಟಾಯಿತು. ಅದಕ್ಕೆಲ್ಲ ಅವನು ಸಾಲ ತೀರಿದ ಚೀಟಿಯಿಂದ ಹಿಡಿದು ಹಳೇ ದಂಡದ ರಸೀದಿಯವರೆಗೆ ಜೋಡಿಸಿಟ್ಟಿದ್ದ. ಇಂಥ ಗಾಡಿ ಕೊಳ್ಳುವವರು ಬೆಲೆಯ ಹತ್ತರಲ್ಲೊಂದು ಪಾಲನ್ನು ಬೇರೆ ತೆಗೆದಿಟ್ಟಿರಬೇಕು. ಮೊದಲ ತಿಂಗಳಲ್ಲೇ ಕ್ಲಚ್ ಸೆಟ್ಟು, ಮುಂದಿನ ಶಾಕುಗಳು, ಎಲ್ಲ ಬುಷ್ಷು, ರೇಡಿಯೇಟರ್ ಹೋಸುಗಳನ್ನು ಹೊಸದಾಗಿ ಹಾಕಿಸಿದೆ. ಎಂಜಿನ್ನಿಗೆ ಕೈ ಹಾಕಲಿಲ್ಲ. ಸವೆಯಬೇಕಾದದ್ದು ಸವೆದಿರುತ್ತದೆ, ಅದನ್ನು ದೂರುವುದು ನ್ಯಾಯವಲ್ಲ.

ಈ ದೇಶದಲ್ಲಿ ಗಾಡಿಯೇ ಅನ್ನವಾಗಿರುವ ಇಂಥ ಸಾವಿರಾರು ಡ್ರೈವರುಗಳಿದ್ದಾರೆ. ಒಂದು ದಿನ ಗಾಡಿ ನಿಂತರೆ ಒಂದು ದಿನದ ಊಟ ನಿಲ್ಲುತ್ತದೆ. ಆದ್ದರಿಂದ ಸದ್ದು ಬದಲಾದ ಗಳಿಗೆಯಲ್ಲೇ ಅವರಿಗೆ ತಿಳಿಯುತ್ತದೆ. ನಾವು ಮ್ಯೂಸಿಕ್ ಹಾಕಿಕೊಂಡು ಓಡಿಸುತ್ತೇವೆ, ಅವರು ಕಿವಿಗೊಟ್ಟು ಓಡಿಸುತ್ತಾರೆ. ಹಾಗೆಂದು ಎಲ್ಲ ಹಳದಿ ಬೋರ್ಡೂ ಒಳ್ಳೆಯದಲ್ಲ. ದಿನಕ್ಕೊಬ್ಬ ಡ್ರೈವರ್ ಕೈ ಬದಲಿಸುವ, ಎರಡು ಪಾಳಿಯಲ್ಲಿ ಬಿಡುವಿಲ್ಲದೆ ಓಡುವ ಗಾಡಿಗಳನ್ನು ಮುಟ್ಟಬಾರದು. ಅವು ಯಾರ ಮಕ್ಕಳೂ ಅಲ್ಲ. ಆದರೆ ಒಬ್ಬನೇ ಸಾಕಿದ ಗಾಡಿಯನ್ನು, ಅಂಕಿಯೊಂದನ್ನೇ ನೋಡಿ 'ತುಂಬಾ ಓಡಿದೆ' ಎಂದು ತಳ್ಳಿಹಾಕಿದರೆ ಅವನ ಹತ್ತು ವರ್ಷದ ದುಡಿಮೆಯನ್ನೇ ತಳ್ಳಿದಂತೆ ನನಗೆ ತೋರುತ್ತದೆ.

ಮೀಟರು ನಾಲ್ಕು ಲಕ್ಷ ಮುಟ್ಟಿದ್ದು ಮರುವರ್ಷದ ಮಳೆಗಾಲದಲ್ಲಿ, ಅಮ್ಮನನ್ನು ಕರೆದುಕೊಂಡು ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ. ರಸ್ತೆ ಬದಿಗೆ ನಿಲ್ಲಿಸಿ ಅವನಿಗೆ ಫೋನ್ ಮಾಡಿದೆ. ಕಣ್ಣಿನ ಆಪರೇಷನ್ ಆಗಿತ್ತಂತೆ, ಈಗ ಪರವಾಗಿಲ್ಲವಂತೆ. ನಾಲ್ಕು ಲಕ್ಷ ಎಂದಾಗ ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ, "ಘಾಟಿ ಹತ್ತಿ ನಿಲ್ಲಿಸಿದ ಮೇಲೆ ಒಂದು ನಿಮಿಷ ಬಿಟ್ಟು ಆಫ್ ಮಾಡ್ತೀರಲ್ಲ ಸಾರ್? ಟರ್ಬೋ ಇದೆ" ಎಂದು ಕೇಳಿದ. ಹೌದೆಂದೆ. "ಮತ್ತೆ ಎಡಗಡೆ ಹಿಂದಿನ ಬಾಗಿಲು ಮಳೆಗಾಲದಲ್ಲಿ ಬಿಗಿ ಆಗತ್ತೆ. ಎಳೀಬೇಡಿ. ಸ್ವಲ್ಪ ಮೇಲಕ್ಕೆತ್ತಿ ತೆಗೀರಿ."

ಹಿಂದಿನ ಸೀಟಿನಿಂದ ಅಮ್ಮ, ಸ್ಪೀಕರಿನಲ್ಲಿ ಅವನ ಮಾತು ಕೇಳಿಸಿಕೊಂಡು, "ಅದು ನಂಗೆ ಹೋದ ತಿಂಗಳೇ ಗೊತ್ತಾಗಿದೆ ಅಂತ ಹೇಳು" ಅಂದಳು.