ನಿಂತು ನೋಡಿ ಎನ್ನುವ ಊರು

ಜಪಾನಿಗೆ ಹೋಗಿ ಬಂದವರನ್ನು ಊರಿನವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಫುಜಿ ಪರ್ವತ ಕಂಡಿತೇ, ಬುಲೆಟ್ ರೈಲು ಹತ್ತಿದಿರಾ, ಸಸ್ಯಾಹಾರಕ್ಕೆ ಏನು ಮಾಡಿದಿರಿ? ಈ ಮೂರಕ್ಕೂ ನಾನು ಉತ್ತರ ಹೇಳಬಲ್ಲೆ. ಆದರೆ ಯಮಾತೊ ನೋಡಿದಿರಾ ಎಂದು ಈವರೆಗೆ ಯಾರೂ ಕೇಳಿಲ್ಲ. ಕೇಳುವಂಥ ಊರೂ ಅದಲ್ಲ. ಪ್ರವಾಸದ ಪುಸ್ತಕಗಳಲ್ಲಿ ಅದಕ್ಕೊಂದು ಪುಟ ಸಿಗುವುದು ಕಷ್ಟ.

2024ರ ನವೆಂಬರಿನಲ್ಲಿ ನಾನೂ ನನ್ನಾಕೆಯೂ ಯೊಕೊಹಾಮದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಒಂದು ರಾತ್ರಿ ಊಟಕ್ಕೆ ಕೂತಾಗ, ‘ಯಮಾತೊಗೆ ಹೋಗಬೇಕು’ ಎಂದೆ. ಮಗಳಿಗೆ ಆಶ್ಚರ್ಯ. ‘ಅಪ್ಪ, ಅಲ್ಲಿ ನೋಡೋಕೆ ಏನೂ ಇಲ್ಲ. ಅದು ಕೆಲಸಕ್ಕೆ ಹೋಗೋರು ವಾಸ ಮಾಡೋ ಊರು. ಯಾಕೆ?’ ಎಂದಳು. ನಾನು ಉತ್ತರ ಹೇಳುವ ಮೊದಲೇ ನನ್ನಾಕೆ ನನ್ನ ಎಡಗಾಲಿನ ಕಡೆ ಕಣ್ಣು ಹಾಯಿಸಿ, ‘ಹೋಗಲಿ ಬಿಡೇ, ಕರಕೊಂಡು ಹೋಗು’ ಎಂದಳು.

ಎಡಗಾಲಿನ ಕತೆ ಇಷ್ಟೆ. 2022ರಲ್ಲಿ, ಹಾಸನದಲ್ಲಿ, ಬೆಳಿಗ್ಗೆ ಹಾಲು ತರಲು ಹೊರಟವನು ರಸ್ತೆ ದಾಟುತ್ತಿದ್ದೆ. ಹೆಲ್ಮೆಟ್ಟಿಗೂ ಕಿವಿಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು ಸ್ಕೂಟರ್ ಓಡಿಸುತ್ತಿದ್ದ ಹುಡುಗನೊಬ್ಬ ಬಂದು ಗುದ್ದಿದ. ಮೂಳೆ ಎರಡು ಕಡೆ ಮುರಿಯಿತು. ಒಳಗೊಂದು ರಾಡ್ ಕೂತಿತು. ಮೂರು ತಿಂಗಳು ಹಾಸಿಗೆ, ಆಮೇಲೆ ಊರುಗೋಲು. ನಾನು ರಸ್ತೆಯಲ್ಲಿ ಬಿದ್ದಿದ್ದಾಗ ಪಕ್ಕದಲ್ಲೇ ಅವನ ಮೊಬೈಲೂ ಬಿದ್ದಿತ್ತು, ಕರೆ ಕಡಿದಿರಲಿಲ್ಲ. ಅದರೊಳಗಿಂದ ಒಂದು ಹೆಣ್ಣುದನಿ ‘ತಿಂಡಿ ತಿಂದ್ಯೇನೋ, ಹಲೋ, ತಿಂಡಿ ತಿಂದ್ಯಾ?’ ಎಂದು ಕೇಳುತ್ತಲೇ ಇತ್ತು. ಆ ತಾಯಿ ಮರುದಿನ ಆಸ್ಪತ್ರೆಗೆ ಬಂದು ನನ್ನ ಮಂಚದ ಬಳಿ ನಿಂತು ಅತ್ತರು. ನಾನು ಪೊಲೀಸರಿಗೆ ದೂರು ಕೊಡಲಿಲ್ಲ. ‘ಫೋನು ಬಂದರೆ ಗಾಡಿ ಪಕ್ಕಕ್ಕೆ ಹಾಕಿ ನಿಂತು ಮಾತಾಡಪ್ಪ’ ಎಂದು ಹುಡುಗನಿಗೆ ಹೇಳಿ ಕಳಿಸಿದೆ. ಮೂವತ್ತೆರಡು ವರ್ಷ ಮೇಷ್ಟ್ರ ಕೆಲಸ ಮಾಡಿದವನ ಅಭ್ಯಾಸ ಅದು. ಬೆತ್ತಕ್ಕಿಂತ ಮಾತಿನಲ್ಲಿ ನಂಬಿಕೆ.

ಹಾಸಿಗೆಯ ಮೇಲಿದ್ದಾಗಲೇ ಯಾವುದೋ ಪತ್ರಿಕೆಯಲ್ಲಿ ಯಮಾತೊದ ಸುದ್ದಿ ಓದಿದ್ದು. ಮೊಬೈಲ್ ನೋಡುತ್ತಾ ನಡೆಯಬಾರದೆಂದು ಕಾನೂನು ಮಾಡಿದ ಊರು. ಆದರೆ ಆ ಕಾನೂನಿನಲ್ಲಿ ದಂಡವೂ ಇಲ್ಲ, ಶಿಕ್ಷೆಯೂ ಇಲ್ಲ. ಅರೆ, ನಾನು ಆ ಹುಡುಗನಿಗೆ ಮಾಡಿದ್ದೂ ಇದನ್ನೇ ಅಲ್ಲವೇ ಅನ್ನಿಸಿತು. ಅದು ಸರಿಯೋ ತಪ್ಪೋ ಎಂಬುದು ನನ್ನನ್ನು ಬಿಟ್ಟಿರಲಿಲ್ಲ.

ಹೀಗೆ ಒಂದು ಶನಿವಾರ ಬೆಳಿಗ್ಗೆ ಯೊಕೊಹಾಮದಲ್ಲಿ ಸೋತೆತ್ಸು ರೈಲು ಹತ್ತಿದೆವು. ಮಂಡಿನೋವೆಂದು ನನ್ನಾಕೆ ಮನೆಯಲ್ಲೇ ಉಳಿದಳು. ಅರ್ಧ ಗಂಟೆಯೂ ಹಿಡಿಯದ ದಾರಿ. ಯಮಾತೊದಲ್ಲಿ ಎರಡು ರೈಲುಮಾರ್ಗಗಳು ಒಂದರ ಮೇಲೊಂದು ಹಾದುಹೋಗುತ್ತವೆ. ಸೋತೆತ್ಸು ನೆಲದಡಿಯಲ್ಲಿ, ಒಡಾಕ್ಯೂ ಕಂಬಗಳ ಮೇಲೆ. ಒಂದರಿಂದ ಇಳಿದು ಇನ್ನೊಂದಕ್ಕೆ ಓಡುವ ಜನ. ಕನಾಗವಾ ಪ್ರಾಂತದ ಈ ಊರಿನ ವಿಸ್ತೀರ್ಣ ಸುಮಾರು 27 ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು 2 ಲಕ್ಷ 40 ಸಾವಿರ. ಇಷ್ಟರೊಳಗೆ ಎಂಟು ರೈಲು ನಿಲ್ದಾಣಗಳಿವೆ. ಎಂದ ಮೇಲೆ ಬೆಳಗ್ಗೆ ಸಂಜೆ ನಿಲ್ದಾಣದ ಮುಂದೆ ಭುಜಕ್ಕೆ ಭುಜ ತಾಗದೆ ನಡೆಯುವುದು ಹೇಗೆ?

ಮೊಬೈಲ್ ನೋಡುತ್ತಾ ನಡೆಯುವುದಕ್ಕೆ ಜಪಾನೀಯರು ‘ಅರುಕಿ-ಸುಮಾಹೊ’ ಎನ್ನುತ್ತಾರೆ. ಅರುಕಿ ಎಂದರೆ ನಡಿಗೆ. ಸುಮಾಹೊ ಎಂದರೆ ಸ್ಮಾರ್ಟ್‌ಫೋನ್ ಎಂಬ ಪದವನ್ನೇ ಅವರ ನಾಲಿಗೆಗೆ ಒಗ್ಗಿಸಿಕೊಂಡದ್ದು. 2020ರ ಜನವರಿಯಲ್ಲಿ ನಗರಾಡಳಿತದವರು ಎರಡು ಕಡೆ ನಿಂತು ಸುಮಾರು ಆರು ಸಾವಿರ ಪಾದಚಾರಿಗಳನ್ನು ಎಣಿಸಿದರು. ಶೇಕಡ 12ರಷ್ಟು ಜನ ನಡೆಯುವಾಗ ಮೊಬೈಲ್ ನೋಡುತ್ತಿದ್ದರು. ಆಗ ಮೇಯರ್ ಆಗಿದ್ದ ಸತೋರು ಓಕಿ ಅವರ ಕಾಲದಲ್ಲಿ ನಗರಸಭೆ ಕಾನೂನು ಮಾಡಿತು. 2020ರ ಜುಲೈ 1ರಿಂದ ಅದು ಜಾರಿಗೆ ಬಂತು. ಜಪಾನಿನಲ್ಲೇ ಇಂಥದ್ದು ಮೊದಲು. ರಸ್ತೆ, ನಿಲ್ದಾಣದ ಮುಂದಿನ ಬಯಲು, ಉದ್ಯಾನದಂಥ ಸಾರ್ವಜನಿಕ ಜಾಗಗಳಲ್ಲಿ ನಡೆಯುತ್ತಾ ಮೊಬೈಲ್ ನೋಡುವಂತಿಲ್ಲ. ನೋಡಬೇಕಾದರೆ ಇತರರಿಗೆ ಅಡ್ಡಿಯಾಗದ ಕಡೆ ನಿಂತು ನೋಡಬೇಕು. ಕಾನೂನಿನ ಸಾರ ಅಷ್ಟೇ.

ನಿಲ್ದಾಣದ ಹೊರಗೆ, ನೆಲದಡಿಯ ರೈಲುಹಾದಿಯ ಮೇಲೆಯೇ ಒಂದು ವಿಶಾಲ ಕಾಲುದಾರಿಯಿದೆ. ತಿಂಗಳ ಮೂರನೆಯ ಶನಿವಾರ ಅಲ್ಲಿ ಹಳೇ ಸಾಮಾನುಗಳ ಸಂತೆ. ನಾವು ಹೋದದ್ದು ಅದೇ ದಿನ. ಪಿಂಗಾಣಿ ಬಟ್ಟಲು, ಮಾಸಿದ ಕಿಮೋನೊ, ಗಡಿಯಾರ, ಕಬ್ಬಿಣದ ಕೆಟಲು ಎಲ್ಲವನ್ನೂ ಬಟ್ಟೆಯ ಮೇಲೆ ಹರಡಿ ಕೂತಿದ್ದರು. ನಮ್ಮ ಮಂಗಳವಾರದ ಸಂತೆಯ ನೆನಪಾಯಿತು. ಕೂಗಾಟ ಮಾತ್ರ ಇಲ್ಲ. ಈ ಊರಿನ ಇನ್ನೊಂದು ವಿಶೇಷವನ್ನೂ ಮಗಳು ಅಲ್ಲೇ ಹೇಳಿದಳು. ಎಪ್ಪತ್ತರ ಪ್ರಾಯದವರನ್ನು ವೃದ್ಧರೆಂದು ಕರೆಯುವುದಿಲ್ಲವೆಂದು ಯಮಾತೊ ನಗರ 2018ರಲ್ಲಿ ಘೋಷಿಸಿಕೊಂಡಿದೆಯಂತೆ. ಅದಕ್ಕೆ ಮೊದಲು, 2014ರಲ್ಲಿ, ಅರವತ್ತರವರಿಗೆ ಈ ಮಾನ್ಯತೆ ಸಿಕ್ಕಿತ್ತು. ನನಗೆ ಆಗ ಎಪ್ಪತ್ತೊಂದು. ಊರುಗೋಲನ್ನು ಸ್ವಲ್ಪ ಹಗುರವಾಗಿ ಹಿಡಿದೆ.

ಒಂದು ಬೆಂಚಿನ ಮೇಲೆ ಕೂತು ಎದುರಿಗೆ ಹಾದುಹೋದ ನೂರು ಜನರನ್ನು ಎಣಿಸಿದೆ. ಒಂಬತ್ತು ಮಂದಿ ಮೊಬೈಲ್ ನೋಡುತ್ತಾ ನಡೆದರು. ಹದಿನಾಲ್ಕು ಮಂದಿ ಗೋಡೆಗೋ ಕಂಬಕ್ಕೋ ಸರಿದು ನಿಂತು ನೋಡಿದರು. ಇದೇನೂ ಸಮೀಕ್ಷೆಯಲ್ಲ, ನಿವೃತ್ತ ಮೇಷ್ಟ್ರ ಹಾಜರಿ ಅಷ್ಟೆ. ಕಾನೂನು ಗೆದ್ದಿತೆಂದೂ ಹೇಳಲಾರೆ, ಸೋತಿತೆಂದೂ ಹೇಳಲಾರೆ. ಕೆಟಲು ಮಾರುತ್ತಿದ್ದ ಮುದುಕರೊಬ್ಬರನ್ನು ಮಗಳ ಮೂಲಕ ಕೇಳಿದೆ. ಅವರು ನಕ್ಕರು. ‘ನೋಡುವವರು ನೋಡುತ್ತಲೇ ಇದ್ದಾರೆ. ಆದರೆ ಮೊದಲು ಡಿಕ್ಕಿಯಾದರೆ ಯಾರದು ತಪ್ಪು ಎಂದು ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಈಗ ಮೊಬೈಲ್ ಹಿಡಿದವನೇ ಮೊದಲು ತಲೆ ಬಾಗಿಸುತ್ತಾನೆ’ ಎಂದರು. ಈ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಯಾರದು ತಪ್ಪು ಎಂಬುದು ಊರಿಗೇ ಗೊತ್ತಿರುವುದು ಸಣ್ಣ ಸಂಗತಿಯೇನಲ್ಲ.

ಹಾಗೆಂದು ಜಪಾನೀಯರು ಎಲ್ಲಕ್ಕೂ ಮೆತ್ತಗೆಂದು ತಿಳಿಯಬೇಡಿ. ನಡೆಯುವವನಿಗೆ ಬುದ್ಧಿಮಾತು, ಓಡಿಸುವವನಿಗೆ ಬಿಸಿ ಮುಟ್ಟಿಸುತ್ತಾರೆ. 2016ರ ಅಕ್ಟೋಬರಿನಲ್ಲಿ ಐಚಿ ಪ್ರಾಂತದ ಇಚಿನೊಮಿಯಾದಲ್ಲಿ ಲಾರಿ ಚಾಲಕನೊಬ್ಬ ಪೋಕೆಮಾನ್ ಗೋ ಆಡುತ್ತಾ ಬಂದು, ಶಾಲೆಯಿಂದ ಮನೆಗೆ ಹೊರಟಿದ್ದ ಒಂಬತ್ತು ವರ್ಷದ ಬಾಲಕನ ಮೇಲೆ ಲಾರಿ ಹರಿಸಿದ. ದೇಶವೇ ಮರುಗಿತು. ಚಾಲಕನಿಗೆ ಮೂರು ವರ್ಷ ಸೆರೆಯಾಯಿತು. 2019ರ ಡಿಸೆಂಬರ್ 1ರಿಂದ ರಸ್ತೆ ಸಂಚಾರದ ಕಾನೂನನ್ನು ಬಿಗಿ ಮಾಡಿದರು. ಕಾರು ಓಡಿಸುವಾಗ ಮೊಬೈಲ್ ಹಿಡಿದರೆ 6,000 ಯೆನ್ ಇದ್ದ ದಂಡ 18,000ಕ್ಕೆ ಏರಿತು. ಅದರಿಂದ ಅಪಾಯ ಉಂಟಾದರೆ ಒಂದು ವರ್ಷದವರೆಗೆ ಸೆರೆ ಅಥವಾ 3 ಲಕ್ಷ ಯೆನ್‌ವರೆಗೆ ದಂಡ. ನಾವು ಹೋದ ನವೆಂಬರ್ ತಿಂಗಳ ಮೊದಲ ದಿನವೇ ಸೈಕಲ್ ಸವಾರರಿಗೂ ಇಂಥ ಕಟ್ಟುನಿಟ್ಟು ಬಂದಿತ್ತು. ಸೈಕಲ್ ತುಳಿಯುತ್ತಾ ಮೊಬೈಲ್ ನೋಡಿದರೆ ಆರು ತಿಂಗಳವರೆಗೆ ಸೆರೆ ಅಥವಾ ಒಂದು ಲಕ್ಷ ಯೆನ್‌ವರೆಗೆ ದಂಡ. ಉಕ್ಕಿನ ಗಾಡಿ ಎಷ್ಟು ಭಾರವೋ ಹೊಣೆಯೂ ಅಷ್ಟೇ ಭಾರ ಎಂಬ ಲೆಕ್ಕ ಇರಬೇಕು.

ಬೇರೆ ಊರುಗಳು ಬೇರೆ ದಾರಿ ಹಿಡಿದಿವೆ. ಅಮೆರಿಕದ ಹವಾಯಿಯ ಹೊನೊಲುಲು ನಗರದಲ್ಲಿ 2017ರ ಅಕ್ಟೋಬರ್ 25ರಿಂದ ರಸ್ತೆ ದಾಟುವಾಗ ಮೊಬೈಲ್ ಪರದೆ ನೋಡುವುದು ಅಪರಾಧ. ಮೊದಲ ಸಲ 15ರಿಂದ 35 ಡಾಲರ್ ದಂಡ. ವರ್ಷದೊಳಗೆ ಮತ್ತೆ ಮತ್ತೆ ಸಿಕ್ಕಿಬಿದ್ದರೆ 99 ಡಾಲರ್‌ವರೆಗೂ ಏರುತ್ತದೆ. ತುರ್ತು ಕರೆಗೆ ವಿನಾಯಿತಿ ಇದೆ. ಜರ್ಮನಿಯ ಔಗ್ಸ್‌ಬರ್ಗ್ ನಗರದವರು 2016ರಲ್ಲಿ ಟ್ರಾಮ್ ನಿಲ್ದಾಣದ ಬಳಿ ನೆಲದಲ್ಲೇ ಕೆಂಪು ದೀಪ ಹುದುಗಿಸಿದರು. ತಲೆ ಎತ್ತುವುದಿಲ್ಲವೇ? ಸರಿ, ದೀಪವೇ ಕೆಳಗೆ ಬರಲಿ ಎಂಬಂತೆ!

ಮಗಳು ಚಹಾ ತರುತ್ತೇನೆಂದು ನಿಲ್ದಾಣದೊಳಗೆ ಹೋದಳು. ಇಲ್ಲಿಂದ ಮುಂದಿನದನ್ನು ಬರೆಯಲು ಸಂಕೋಚವಾಗುತ್ತದೆ. ಆದರೂ ಬರೆಯಬೇಕು.

ನಾನು ಎದ್ದು ಅಲ್ಲಲ್ಲೇ ಅಡ್ಡಾಡುತ್ತಿದ್ದೆ. ಜೇಬಿನಲ್ಲಿ ಮೊಬೈಲ್ ಮಿಡಿಯಿತು. ನನ್ನಾಕೆ ಬರೆದಿದ್ದಳು: ‘ಊಟಕ್ಕೆ ಬರ್ತೀರಾ? ಹುಳಿ ಮಾಡಿದೀನಿ.’ ಪರದೇಶದಲ್ಲಿ ಹುಳಿ! ಉತ್ತರ ಒತ್ತುತ್ತಾ ನಾಲ್ಕು ಹೆಜ್ಜೆ ನಡೆದೆ. ಅಷ್ಟರಲ್ಲಿ ಎಡಗಾಲಿಗೆ ಏನೋ ತಗುಲಿತು. ತಲೆಯೆತ್ತಿದರೆ ಎದುರಿಗೆ ಬಿಳಿಕೋಲು ಹಿಡಿದ, ಕಣ್ಣು ಕಾಣದ ಒಬ್ಬರು. ನಾನು ನಿಂತಿದ್ದದ್ದು ಹಳದಿ ಪಟ್ಟಿಯ ಮೇಲೆ.

ನೆಲದ ಮೇಲೆ ಉಬ್ಬು ಗೆರೆ, ಉಬ್ಬು ಚುಕ್ಕೆಗಳಿರುವ ಈ ಹಳದಿ ಹಾಸು ನಮ್ಮ ಬೆಂಗಳೂರಿನ ಮೆಟ್ರೊ ನಿಲ್ದಾಣಗಳಲ್ಲೂ ಇದೆ. ಕಂಡುಹಿಡಿದವರು ಸೇಯಿಚಿ ಮಿಯಾಕೆ ಎಂಬ ಜಪಾನೀಯರು, 1965ರಲ್ಲಿ, ದೃಷ್ಟಿ ಕಳೆದುಕೊಳ್ಳುತ್ತಿದ್ದ ಗೆಳೆಯನೊಬ್ಬನ ಸಲುವಾಗಿ. 1967ರ ಮಾರ್ಚ್ 18ರಂದು ಒಕಾಯಾಮದ ಅಂಧರ ಶಾಲೆಯ ಬಳಿ ಮೊದಲ ಬಾರಿಗೆ ಅದನ್ನು ಹಾಸಿದರು. ಉದ್ದ ಗೆರೆಯಿದ್ದರೆ ಮುಂದೆ ಹೋಗಬಹುದು, ಚುಕ್ಕೆಗಳಿದ್ದರೆ ಎಚ್ಚರ. ಕಾಲೇ ಕಣ್ಣಾದವರ ದಾರಿ ಅದು. ಎರಡು ಕಣ್ಣೂ ನೆಟ್ಟಗಿರುವ ನಾನು ಆ ದಾರಿಯ ಮಧ್ಯೆ ಹುಳಿಯ ಸುದ್ದಿ ಓದುತ್ತಾ ನಿಂತಿದ್ದೆ.

ಆತ ‘ಸುಮಿಮಾಸೆನ್’ ಎಂದು ತಲೆ ಬಾಗಿಸಿದರು. ಕ್ಷಮಿಸಿ ಎಂದರು, ನನಗೆ! ನನಗೆ ಬರುವ ಜಪಾನಿ ಮಾತುಗಳಲ್ಲಿ ಅದೂ ಒಂದು. ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ‘ತಪ್ಪಾಯಿತು ಸ್ವಾಮಿ’ ಎಂದು ಕನ್ನಡದಲ್ಲೇ ಹೇಳಿ ಪಕ್ಕಕ್ಕೆ ಸರಿದೆ. ಕೋಲನ್ನು ಆಚೀಚೆ ಆಡಿಸುತ್ತಾ ಆತ ಜನರ ನಡುವೆ ನಡೆದುಹೋದರು. ಮಗಳು ಚಹಾ ಹಿಡಿದು ಬಂದಾಗ, ‘ಯಾಕಪ್ಪಾ, ಮುಖ ಹೀಗಾಗಿದೆ?’ ಎಂದಳು. ರೈಲಿನಲ್ಲಿ ಕೂತ ಮೇಲೆ ಹೇಳಿದೆ. ಬೈಯಲಿಲ್ಲ. ‘ಅಮ್ಮನ ಮೆಸೇಜು ಅಂತ ತೆಗೆದಿರಿ’ ಎಂದಳು. ಸ್ಕೂಟರಿನ ಹುಡುಗನೂ ಅಮ್ಮನ ಫೋನು ಎಂದೇ ತೆಗೆದಿದ್ದ. ನನ್ನ ಕಾಲಿನ ವೇಗಕ್ಕೆ ಒಂದು ಕೋಲು ತಗುಲಿತು. ಅವನ ಗಾಡಿಯ ವೇಗಕ್ಕೆ ಒಂದು ಕಾಲು ಮುರಿಯಿತು. ನಮ್ಮಿಬ್ಬರಿಗೂ ಇರುವ ವ್ಯತ್ಯಾಸ ಅಷ್ಟೇ ಅನ್ನಿಸಿತು.

ಊರಿಗೆ ಬಂದ ಮೇಲೆ ವಕೀಲ ಮಿತ್ರರೊಬ್ಬರನ್ನು ವಿಚಾರಿಸಿದೆ. ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ಮೋಟಾರು ವಾಹನ ಕಾಯಿದೆಯ 184ನೇ ಕಲಮಿನ ಪ್ರಕಾರ, 2019ರ ತಿದ್ದುಪಡಿಯ ನಂತರ, ಓಡಿಸುವಾಗ ಮೊಬೈಲ್ ಹಿಡಿದು ಬಳಸುವುದನ್ನೂ ಅಪಾಯಕಾರಿ ಚಾಲನೆಯೆಂದೇ ಎಣಿಸಬಹುದು. ಮೊದಲ ತಪ್ಪಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. 2020ರ ಅಕ್ಟೋಬರಿನಿಂದ ದಾರಿ ತೋರಿಸುವ ನಕ್ಷೆಗಷ್ಟೇ, ಅದೂ ಗಮನ ತಪ್ಪದಂತೆ, ಮೊಬೈಲ್ ಬಳಸಲು ನಿಯಮ ಒಪ್ಪುತ್ತದೆ.

ಇನ್ನು ನಡೆಯುವವರಿಗೆ ಯಮಾತೊದ ಬುದ್ಧಿಮಾತು ನಮ್ಮಲ್ಲಿ ನಡೆದೀತೇ? ‘ಪಕ್ಕಕ್ಕೆ ಸರಿದು ನಿಲ್ಲಿ’ ಎನ್ನಲು ಮೊದಲು ಪಕ್ಕ ಎಂಬುದೊಂದು ಇರಬೇಕು. ನಮ್ಮ ಬೀದಿಯಲ್ಲಿ ಫುಟ್‌ಪಾತ್ ಇರುವ ಕಡೆ ಬೈಕು ನಿಂತಿರುತ್ತದೆ. ಬೈಕು ಇಲ್ಲದ ಕಡೆ ಕಲ್ಲು ಎದ್ದಿರುತ್ತದೆ. ತಲೆಯೆತ್ತಿ ನಡೆದವನೂ ಚರಂಡಿಗೆ ಬೀಳುವ ಜಾಗದಲ್ಲಿ ತಲೆ ತಗ್ಗಿಸಿದವನನ್ನು ಮಾತ್ರ ಬೈಯುವುದು ನ್ಯಾಯವಲ್ಲ.

ಆ ಹುಡುಗನನ್ನು ಮೊನ್ನೆ ಮತ್ತೆ ನೋಡಿದೆ. ಸಿಗ್ನಲ್ ಬಳಿ ಸ್ಕೂಟರ್ ಮೇಲಿದ್ದ. ಹೆಲ್ಮೆಟ್ಟಿನೊಳಗೆ ಮೊಬೈಲ್ ಇತ್ತು. ನನ್ನನ್ನು ಕಂಡ ಕೂಡಲೇ ಕಿತ್ತು ಜೇಬಿಗೆ ಹಾಕಿ ‘ನಮಸ್ಕಾರ ಸಾರ್’ ಎಂದ. ಹಸಿರು ದೀಪ ಬಿತ್ತು, ಹೊರಟುಹೋದ. ತಿರುವಿನ ಆಚೆ ಅದನ್ನು ಮತ್ತೆ ಸಿಕ್ಕಿಸಿಕೊಂಡನೋ ಇಲ್ಲವೋ ನನಗೆ ಕಾಣಲಿಲ್ಲ. ಅವತ್ತೇ ದೂರು ಕೊಟ್ಟಿದ್ದರೆ ಅವನಿಗೂ, ಮುಂದೆ ಅವನ ದಾರಿಗೆ ಅಡ್ಡ ಬರುವವರಿಗೂ ಒಳ್ಳೆಯದಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ನಡೆಯುವವನಿಗೆ ಮಾತು ಸಾಕು, ಓಡಿಸುವವನಿಗೆ ಸಾಲದು. ಯಮಾತೊಗೆ ಹೋಗಿ ಕಲಿತದ್ದು ಇದು.

ಸಂಜೆ ತರಕಾರಿಗೆಂದು ಪೇಟೆಗೆ ಹೋದಾಗ ಮೊಬೈಲ್ ಬಡಿಯಿತು. ಸುತ್ತ ನೋಡಿದೆ. ಮುಚ್ಚಿದ್ದ ಅಂಗಡಿಯೊಂದರ ಕಟ್ಟೆ ಕಂಡಿತು. ನಾಲ್ಕು ಹೆಜ್ಜೆ ನಡೆದು, ಕಟ್ಟೆಗೆ ಒರಗಿ, ಆಮೇಲೆ ತೆಗೆದೆ. ‘ಯಾಕ್ರೀ ಇಷ್ಟು ಹೊತ್ತು?’ ಎಂದಳು ನನ್ನಾಕೆ.

‘ನಿಲ್ಲೋಕೆ ಜಾಗ ಹುಡುಕ್ತಿದ್ದೆ ಕಣೆ’ ಎಂದೆ.